ಬೇವಿನ ಗಿಡದ ಬುಡಕ ಕರ್ಪೂರ

"ಎಂಜಿನ್ ಬಂದ್ ಮಾಡ್ರಿ."

"ಮಾಡಿದ್ರ ಮತ್ತ ಚಾಲೂ ಆಗಂಗಿಲ್ಲರಿ."

"ಮಾಡಲಿಲ್ಲಂದ್ರ ಪೆಟ್ರೋಲ್ ಬೀಳಂಗಿಲ್ಲರಿ."

ಗುರುಸಿದ್ದವ್ವನಿಗೂ ಅಂದಾನಪ್ಪನಿಗೂ ನಡೆದ ಮೊದಲ ಮಾತು ಇದು. ಇಂಥ ಮಾತಿನಿಂದ ಪ್ರೀತಿ ಹುಟ್ಟೀತು ಅಂತ ಅವತ್ತು ಯಾರಾದರೂ ಅಂದಿದ್ದರೆ, ಇಬ್ಬರೂ ಅವರನ್ನು ಹೊಡೆಯಲು ಹೋಗುತ್ತಿದ್ದರು.

ಹುನಗುಂದದಿಂದ ಇಳಕಲ್ಲಿಗೆ ಹೋಗುವ ರಸ್ತೆಯ ಬದಿಗೆ ಹೊಳಬಸಪ್ಪನ ಪೆಟ್ರೋಲ್ ಬಂಕು. ಹಿಂದುಗಡೆಯೇ ಮನೆ. ಎದುರಿಗೆ, ರಸ್ತೆಯ ಆಚೆ, ಒಂದು ದೊಡ್ಡ ಬೇವಿನ ಗಿಡ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹೊಳಬಸಪ್ಪನಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಸತ್ತುಹೋದ ಮೇಲೆ ಒಬ್ಬಳೇ ಮಗಳು ಗುರುಸಿದ್ದವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಪಂಪಿನ ಮುಂದೆ ನಿಂತಳು. ಜೊತೆಗೆ ಅಪ್ಪನ ಕಾಲದ ಆಳು ಬಾಬುಸಾಬ. ಹೆಣ್ಣುಮಗಳು ಪೆಟ್ರೋಲ್ ಹಾಕುವುದನ್ನು ನೋಡಲಿಕ್ಕೆಂದೇ ಕೆಲವರು ಸುಮ್ಮನೆ ಸೈಕಲ್ ನಿಲ್ಲಿಸುತ್ತಿದ್ದರು. "ಸೈಕಲ್ಲಿಗೆ ಎಷ್ಟ ಲೀಟರ್ ಹಾಕ್ಲಿರಿ?" ಎಂದು ಆಕೆ ಕೇಳಿದರೆ ಪೆಡಲ್ ಸಿಗದೆ ಓಡುತ್ತಿದ್ದರು.

ಆ ಊರಲ್ಲಿ ಒಂದು ರೂಢಿ ಬಿದ್ದಿತ್ತು. ಮದುವೆಯ ಗಾಡಿ ಊರು ಬಿಡುವ ಮುಂಚೆ ಬಂಕಿಗೆ ಬರಬೇಕು, ಟಾಕಿ ತುಂಬಿಸಬೇಕು, ಅಲ್ಲೇ ಗಾಡಿಯ ಮೂತಿಗೆ ಕರ್ಪೂರ ಬೆಳಗಿ ಕಾಯಿ ಒಡೆಯಬೇಕು. ಹೊಳಬಸಪ್ಪ ಗಿರಾಕಿಯ ಮನಸ್ಸು ನೋಯಿಸುವವನಲ್ಲ, ನಡೆಯಲಿ ಅಂತ ಬಿಟ್ಟಿದ್ದ. ಹಿಂದಿನ ಬೇಸಿಗೆಯಲ್ಲಿ ತಟ್ಟೆಯಿಂದ ಉರಿಯುವ ಬಿಲ್ಲೆಯೊಂದು ಜಾರಿ ನೆಲಕ್ಕೆ ಬಿತ್ತು. ಚೆಲ್ಲಿದ್ದ ಪೆಟ್ರೋಲಿನ ಮೇಲೆ ನೀಲಿ ಬೆಂಕಿ ಹಾವಿನ ಹಾಗೆ ಹರಿದು ಬಾಬುಸಾಬನ ಪಾಯಿಜಾಮದ ಅಂಚು ಹಿಡಿಯಿತು. ಮರಳಿನ ಬಕೆಟ್ಟು ಸುರಿದು ಆರಿಸಿದವಳು ಗುರುಸಿದ್ದವ್ವ. ಅವತ್ತಿನಿಂದ ಬಂಕಿನಲ್ಲಿ ಬೀಡಿಯಿಲ್ಲ, ಕರ್ಪೂರವಿಲ್ಲ. ಎಂಜಿನ್ ಗುರ್ ಅನ್ನುತ್ತಿದ್ದರೆ ಪೈಪು ಗೂಟದಿಂದ ಇಳಿಯುವುದೂ ಇಲ್ಲ.

ಅಂಥ ಬಂಕಿಗೆ ಅಂದಾನಪ್ಪ ಬಾಗಲಕೋಟೆಯಿಂದ ತನ್ನ ಬಾಡಿಗೆ ಅಂಬಾಸಡರ್ ತಂದು ನಿಲ್ಲಿಸಿದ್ದ. ಒಳಗೆ ಬಾಸಿಂಗ ಕಟ್ಟಿದ ಮದಲಿಂಗ, ಮುಂದಿನ ಸೀಟಿನಲ್ಲಿ ತಟ್ಟೆ ಹಿಡಿದ ಹನಮಂತಪ್ಪ. ಊರಿನ ಯಾವ ಮದುವೆಗೂ ಹಿರಿಯ ಈ ಹನಮಂತಪ್ಪನೇ. ಅಲ್ಲದೆ ಗುರುಸಿದ್ದವ್ವನ ಸೋದರಮಾವ.

"ಸಿದ್ದಿ, ನಿನ್ನ ಕಾಯ್ದೆ ಹೊರಗಿನವ್ರಿಗಿರಲಿ. ಮಾವಗೂ ಏನ?" ಎಂದ ಹನಮಂತಪ್ಪ.

"ಬೆಂಕಿಗೆ ಮಾವ ಯಾರು, ಅಳಿಯ ಯಾರು ಅನ್ನೂದು ಗೊತ್ತಾಗಂಗಿಲ್ಲ ಮಾವ. ಗಿಡದ ಬುಡಕ ಹೋಗಿ ಬೆಳಗ್ರಿ."

"ಶುಭ ಕಾರ್ಯಕ್ಕ ಅಡ್ಡ ಬರ್ತೀಯಲ್ಲ!"

"ಅಡ್ಡ ಎಲ್ಲಿ ಬಂದೇನಿ? ರಸ್ತೆ ದಾಟ್ರಿ ಅಂದೇನಿ."

ಅಂದಾನಪ್ಪ ಬಾಗಿಲಿಗೆ ಮೊಳಕೈ ಊರಿ ನೋಡುತ್ತಿದ್ದ. ಕಿವಿಯ ಹಿಂದೆ ಬೀಡಿ, ತುಟಿಯ ತುದಿಯಲ್ಲಿ ನಗು. ಆ ನಗು ಕಂಡು ಆಕೆಗೆ ಮೈಯೆಲ್ಲ ಉರಿಯಿತು. "ನೀವೇನ ನೋಡ್ತೀರಿ? ಕೀಲಿ ತಿರುವ್ರಿ" ಎಂದಳು. ಅವನು ತಿರುವಿದ. ಟಾಕಿ ತುಂಬಿತು. ಹನಮಂತಪ್ಪ ಗೊಣಗುತ್ತ ಗಿಡದ ಬುಡಕ್ಕೆ ನಡೆದ. ಗಾಡಿ ಮಾತ್ರ, ಅಂದಾನಪ್ಪ ಹೇಳಿದಂತೆಯೇ, ಮತ್ತೆ ಚಾಲೂ ಆಗಲಿಲ್ಲ. ಬೀಗರು, ಬಾಜಾದವರು, ಕೊನೆಗೆ ಮದಲಿಂಗನೂ ಇಳಿದು ದೂಡಿದರು. ದೂಡುತ್ತ ಹೋಗುವಾಗ ಅಂದಾನಪ್ಪ ಒಮ್ಮೆ ಹೊರಳಿ ನೋಡಿದ. ನಗು ಹೋಗಿತ್ತು. ಅದರ ಜಾಗದಲ್ಲಿ ಬಂದು ಕೂತದ್ದು ಏನು ಅಂತ ಗುರುಸಿದ್ದವ್ವ ಅವತ್ತು ಸಂಜೆಯ ತನಕ ಯೋಚಿಸಿದಳು. ಯೋಚಿಸಿದ್ದಕ್ಕೆ ತನ್ನ ಮೇಲೇ ಸಿಟ್ಟಾದಳು.

ಸ್ವಲ್ಪ ದಿನ ಬಿಟ್ಟು ಅವನು ಒಬ್ಬನೇ ಬಂದ.

"ಮಾಲಕರ, ನನ್ನ ಮರ್ಯಾದಿ ಅಂತೂ ದೂಡಿಸಿಬಿಟ್ರಿ. ಈಗ ಈ ಗಾಡಿಗೆ ಏನ ಬ್ಯಾನಿ ಐತಿ, ಅದನ್ನರ ಹೇಳ್ರಿ. ಹುಬ್ಬಳ್ಯಾಗ ತುಟ್ಟಿ ಪೆಟ್ರೋಲ್ ಹಾಕ್ಸಿದೆ, ಅದಕ್ಕೂ ಜಗ್ಗಲಿಲ್ಲ."

"ಅಂಬಾಸಡರಿಗೆ ಸಾದಾ ಪೆಟ್ರೋಲೇ ಸಾಕ್ರಿ. ಕಂಪನಿಯವ್ರು ಎಂಜಿನ್ ಮಾಡಿದ್ದ ಅದಕ್ಕ. ತುಟ್ಟೀದ ಹಾಕಿದ್ರ ಓಡೂ ಕುದುರಿ ಹಾರತೈತೇನ? ಸಾದಾ ಇರಲಿ, ಶುದ್ಧ ಇರಬೇಕು. ಡಿಕ್ಕಿ ತಗೀರಿ."

ಡಿಕ್ಕಿಯಲ್ಲಿ ಪ್ಲಾಸ್ಟಿಕ್ ಕ್ಯಾನು, ಅದರ ಬಾಯಿಗೆ ಅರಿವೆ ತುರುಕಿತ್ತು. ಎಲ್ಲೋ ದಾರಿಯ ಪಕ್ಕದ ಅಂಗಡಿಯ ಡ್ರಮ್ಮಿನಿಂದ ತುಂಬಿಸಿಕೊಂಡು ಬಂದದ್ದು. ಗುರುಸಿದ್ದವ್ವನ ಹುಬ್ಬು ಹಣೆಗೇರಿತು. "ಇದರ ಮ್ಯಾಲ ಮದಲಿಂಗರ್ನ ಕೂಡಿಸ್ಕೊಂಡ ಹೋಗ್ತೀರಾ? ನಿಮಗ ಹೇಳೂರು ಕೇಳೂರು ಯಾರೂ ಇಲ್ಲೇನ?"

"ಇಲ್ಲರಿ. ಅದಕ್ಕ ಇಲ್ಲಿ ತನಕ ಬಂದೇನಿ."

ಬಾಬುಸಾಬ ಕೆಮ್ಮಿದ. ಅವನ ಕೆಮ್ಮಿಗೆ ನೆಗಡಿಯೇ ಬೇಕಂತಿರಲಿಲ್ಲ.

ಆಕೆ ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಅದರ ಬೆನ್ನಿನ ಮೇಲೆ ಬಂಕಿನ ಪೆಟ್ರೋಲಿನದೊಂದು ಹನಿ, ಕ್ಯಾನಿನದೊಂದು ಹನಿ ಬಿಟ್ಟಳು. ಇಬ್ಬರೂ ಬಗ್ಗಿ ನೋಡುತ್ತ ಕೂತರು. ಬೇಸಿಗೆಯ ಗಾಳಿಗೆ ಬಂಕಿನ ಹನಿ ನೋಡನೋಡುತ್ತ ಆರಿತು, ಹಾಳೆ ಮೊದಲಿನಂತೆ ಬೆಳ್ಳಗಾಯಿತು. ಕ್ಯಾನಿನ ಹನಿ ಮಾತ್ರ ಜಿಡ್ಡುಜಿಡ್ಡು ಕಲೆಯಾಗಿ ಉಳಿಯಿತು.

"ನೋಡ್ರಿ. ಚೊಲೋ ಪೆಟ್ರೋಲ್ ಬಂದಿದ್ದೂ ತಿಳಿಯಂಗಿಲ್ಲ, ಹೋಗಿದ್ದೂ ತಿಳಿಯಂಗಿಲ್ಲ. ಈ ಕಲಿ ಉಳದೈತಲ್ಲ, ಇದು ಚಿಮಣಿ ಎಣ್ಣಿ. ಬೆರಕಿ ಮಾಡ್ಯಾರ."

ಅಂದಾನಪ್ಪ ಹಾಳೆ ನೋಡಲಿಲ್ಲ. ಹಾಳೆ ಹಿಡಿದ ಕೈ ನೋಡಿದ, ಮೆಲ್ಲಗೆ ಕಣ್ಣೆತ್ತಿದ. "ಹಂಗಾರ ನಾ ಚಿಮಣಿ ಎಣ್ಣಿ ಜಾತಿರಿ ಮಾಲಕರ. ಒಮ್ಮೆ ಬಿದ್ದೆ ಅಂದ್ರ ಕಲಿ ಹೋಗಂಗಿಲ್ಲ."

ಆಕೆ ಹಾಳೆ ಮುದ್ದೆ ಮಾಡಿ ಒಗೆದಳು. ಮುಖದ ಕೆಂಪು ಒಗೆಯಲಿಕ್ಕೆ ಬರಲಿಲ್ಲ.

ಆಮೇಲೆ ಅವನ ಗಾಡಿಗೆ ವಿಪರೀತ ಹಸಿವು ಶುರುವಾಯಿತು. ಬಾದಾಮಿಗೆ ಹೋಗುವವರನ್ನೂ ಹುನಗುಂದದ ಮೇಲೆ ಹಾಯಿಸಿ ಒಯ್ಯುವನೋ ಏನೋ, ವಾರದಲ್ಲಿ ನಾಲ್ಕು ಸಲ ಬರುವ. ಟಾಕಿ ಒಮ್ಮೆಯೂ ಪೂರ್ತಿ ತುಂಬಿಸುತ್ತಿರಲಿಲ್ಲ. ಈಗ ಕಿವಿಯ ಹಿಂದೆ ಬೀಡಿಯಿಲ್ಲ, ಡಿಕ್ಕಿಯಲ್ಲಿ ಕ್ಯಾನಿಲ್ಲ. ಬೇವಿನ ಗಿಡದ ಹತ್ತಿರವೇ ಎಂಜಿನ್ ಬಂದ್ ಮಾಡಿ, ಇಳಿಜಾರಿನಲ್ಲಿ ಗಾಡಿಯನ್ನು ಹಗುರಾಗಿ ಉರುಳಿಬಿಡುವ. ಉಳಿದ ಗಾಡಿಗಳು ಸದ್ದು ಮಾಡಿ ಬರುತ್ತಿದ್ದವು, ಅವನದು ಸದ್ದಿಲ್ಲದೆ ಬರುತ್ತಿತ್ತು. ಆ ಸದ್ದಿಲ್ಲದ್ದೇ ಗುರುಸಿದ್ದವ್ವನಿಗೆ ಎಲ್ಲಕ್ಕಿಂತ ಜೋರಾಗಿ ಕೇಳುತ್ತಿತ್ತು. ಆಕೆ ಹಿಂದೆ ನಿಂತು ಪೈಪು ಹಿಡಿದಾಗ ಅವನು ಮುಂದಿನ ಕನ್ನಡಿ ಒರೆಸುವ, ಒರೆಸಿದ್ದನ್ನೇ ಒರೆಸುವ. ಕನ್ನಡಿಯೊಳಗೆ ಎರಡು ಕಣ್ಣು. ಆಕೆ ನೋಡಿದರೆ ಕನ್ನಡಿ ಓರೆಯಾಗುವುದು.

"ಕನ್ನಡಿ ಸವದ ಹೋಗೈತಿ" ಎಂದಳು ಒಂದು ದಿನ.

"ಹಂಗಾರ ನೇರ ನೋಡ್ಲೇನ್ರಿ?"

"ಮೀಟರ್ ನೋಡ್ರಿ."

ಅಷ್ಟರಲ್ಲಿ ಹನಮಂತಪ್ಪ ಸುಮ್ಮನೆ ಕೂತಿರಲಿಲ್ಲ. ಕಮತಗಿಯ ಒಂದು ಕಾಳಿನ ವ್ಯಾಪಾರಿ ಮನೆತನದವರನ್ನು ಹೆಣ್ಣು ನೋಡಲು ಕರಕೊಂಡೇ ಬಂದ. ಗುರುಸಿದ್ದವ್ವನ ಅವ್ವ ಬಸಲಿಂಗವ್ವ ಅವಲಕ್ಕಿ, ಚಹಾ ಮಾಡಿ, ಮಗಳ ಕೈಯನ್ನು ಕಡಲೆಹಿಟ್ಟು ಹಚ್ಚಿ ತಿಕ್ಕಿದಳು. ಗುರುಸಿದ್ದವ್ವ ತಟ್ಟೆ ಹಿಡಿದು ಪಡಸಾಲೆಗೆ ಬಂದಳು. ಬಾಗಿಲ ಹೊರಗೆ, ಕಟ್ಟೆಯ ಮೇಲೆ, ಅವರನ್ನು ಬಾಡಿಗೆಗೆ ಕರೆತಂದ ಡ್ರೈವರ್ ಕೂತಿದ್ದ. ಅಂದಾನಪ್ಪ! ಕಪ್ಪುಬಶಿಗಳು ಸಣ್ಣಗೆ ಗಲ್ ಅಂದವು.

ವರನ ಅಪ್ಪ ಅವಲಕ್ಕಿ ತೆಗೆದುಕೊಂಡು ಮೂಸಿದ. "ಹುಡುಗಿ ಕೈ ಪೆಟ್ರೋಲ್ ನಾರತಾವಲ್ಲ!"

"ಅದೇನ ದೊಡ್ಡ ಮಾತಲ್ರಿ. ಮದುವಿ ಆದಮ್ಯಾಗ ಬಂಕಿನ ಕಡಿ ಹಾಯಂಗಿಲ್ಲ. ಬಂಕ ನಾ ನೋಡ್ಕೋತೇನಿ" ಎಂದ ಹನಮಂತಪ್ಪ. ಬಂಕು ತನ್ನ ಕೈಗೆ ಬಂದಾಗಿದೆ ಅನ್ನುವ ಹಾಗಿತ್ತು ಆ ದನಿ.

ಗುರುಸಿದ್ದವ್ವ ತಟ್ಟೆ ಕೆಳಗಿಟ್ಟಳು. "ನಾರತಾವ್ರಿ. ನಾಳೆನೂ ನಾರತಾವ. ಬಂಕ ನಾ ಬಿಡಾಕಿಲ್ಲ. ಬಿಡು ಅನ್ನೂ ಮನಿಗೆ ಬರಾಕಿನೂ ಅಲ್ಲ. ಚಾ ಆರತೈತಿ, ಕುಡೀರಿ."

"ಹೊಳಬಸಪ್ಪ, ಮಗಳಿಗೆ ನೀನರ ಹೇಳಪಾ!" ಹನಮಂತಪ್ಪ ಕೂಗಿದ.

ಗೋಡೆಗೊರಗಿದ್ದ ಹೊಳಬಸಪ್ಪ ಸೊಟ್ಟ ಬಾಯಿಯಿಂದ ಕಷ್ಟಪಟ್ಟು ಎರಡು ಮಾತು ಹೊರಡಿಸಿದ. "ಬಂಕ... ಆಕೀದು."

"ಇಂಥಾಕಿನ್ನ ಯಾಂವ ಮಾಡ್ಕೋತಾನ? ಹೆಂಡ್ತಿನ್ನ ರಸ್ತೆಮ್ಯಾಲ ನಿಂದ್ರಸೂ ಗಂಡಸ ಯಾವ ಊರಾಗ ಹುಟ್ಯಾನ?"

ಗುರುಸಿದ್ದವ್ವನ ಕಣ್ಣು ಬೇಡಬೇಡವೆಂದರೂ ಕಟ್ಟೆಯ ಕಡೆ ಹೋಯಿತು. ಅಂದಾನಪ್ಪ ನೆಲ ನೋಡುತ್ತಿದ್ದ. ಒಂದು ಮಾತು ಆಡಲಿಲ್ಲ. ಆಗಲಿ, ಇವನೂ ಕನ್ನಡಿಯೊಳಗಿನ ಗಂಡಸೇ ಎಂದುಕೊಂಡು ಬಿರಬಿರನೆ ಬಂಕಿಗೆ ನಡೆದಳು.

ಹಿಂದೆಯೇ ಕಮತಗಿಯವರು ಗಾಡಿ ಹತ್ತಿದರು. ಗಾಡಿ ರಸ್ತೆಯಾಚೆ ಗಿಡದ ನೆರಳಲ್ಲಿತ್ತು. ವರನ ಅಪ್ಪ ಸಿಟ್ಟಿನಲ್ಲಿ ಸಿಗರೇಟು ಹಚ್ಚಿ, "ಪೆಟ್ರೋಲ್ ಹಾಕಿಸ್ಕೊಂಡ ನಡಿ, ಕಮತಗಿ ಮುಟ್ಟಬೇಕ" ಎಂದ.

"ಸಿಗರೇಟ್ ಆರಸ್ರಿ ಯಜಮಾನ್ರ."

"ಯಾಕ?"

"ಬಂಕಿನ ಕಾಯ್ದೆ ಐತ್ರಿ."

"ಆ ಹುಡುಗಿ ಕಾಯ್ದೇನ? ಗಾಡಿ ಹೊಡಿಯಲೇ!"

ಅಂದಾನಪ್ಪ ಕೀಲಿ ಕಿತ್ತು ಅಂಗಿಯ ಕಿಸೆಗೆ ಹಾಕಿದ. ಕೆಳಗಿಳಿದು ಹಿಂದಿನ ಬಾಗಿಲು ತೆಗೆದ. "ಹಂಗಾರ ಇಳೀರಿ. ಬಸ್ ಬರತೈತಿ."

ಹನಮಂತಪ್ಪ ಓಡಿಬಂದ. "ಲೇ ಅಂದಾನ್ಯಾ! ಈ ಭಾಗದ ಮದುವಿ ಬಾಡಿಗಿ ಎಲ್ಲಾ ನನ್ನ ಕೈಯಾಗದಾವ. ನಾಳೆಯಿಂದ ನಿನ್ನ ಗಾಡಿ ಯಾರ ಕರಿತಾರ ನೋಡತೇನಿ!"

"ನೋಡ್ರಿ ಮಾವಾರ. ನಾನೂ ನೋಡತೇನಿ. ಮತ್ತ ಆಗ ಕೇಳಿದ್ರಲ್ಲ, ಅಂಥಾ ಗಂಡಸ ಯಾವ ಊರಾಗ ಹುಟ್ಯಾನಂತ. ಬಾಗಲಕೋಟ್ಯಾಗ ಹುಟ್ಟೇನ್ರಿ."

ರಸ್ತೆಯ ಈಚೆ ಗುರುಸಿದ್ದವ್ವನ ಕೈಯೊಳಗಿನ ಪೈಪಿನಿಂದ ಒಂದು ಹನಿ ಪೆಟ್ರೋಲು ಚೆಲ್ಲಿತು. ಆಕೆಯ ಕೈಯಿಂದ ಚೆಲ್ಲಿದ್ದನ್ನು ಬಾಬುಸಾಬ ಅವತ್ತೇ ಮೊದಲು ನೋಡಿದ್ದು. ಕಾಲಲ್ಲಿ ಮರಳು ಸರಿಸಿ ಮುಚ್ಚಿ, ಆ ಕಡೆ ಮುಖ ತಿರುಗಿಸಿದ.

ಕಮತಗಿಯವರು ಬಸ್ಸು ಹತ್ತಿದರು. ಅಂದಾನಪ್ಪ ಗಾಡಿ ಅಲ್ಲೇ ಬಿಟ್ಟು ನಡೆದು ರಸ್ತೆ ದಾಟಿ ಬಂದ.

"ಮನ್ಯಾಗ ಯಾಕ ಬಾಯಿ ಬಿಡಲಿಲ್ಲ?" ಗುರುಸಿದ್ದವ್ವನ ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಇರಲಿಲ್ಲ.

"ಅದು ನಿಮ್ಮ ಮನಿ. ಅಲ್ಲಿ ನೀವ ಮಾತಾಡಿದ್ರಿ, ಚೊಲೋ ಮಾತಾಡಿದ್ರಿ. ನಡುವ ನಾ ಯಾಕ ಬಾಯಿ ಹಾಕ್ಲಿ? ಇದು ನನ್ನ ಗಾಡಿ. ನನ್ನ ಗಾಡ್ಯಾಗ ನಾ ಮಾತಾಡಿದೆ."

ಆಕೆ ತನ್ನ ಕೈ ಮುಂದೆ ಚಾಚಿದಳು. "ನಾರತಾವ. ಮೂಸಿ ನೋಡಿ ಹೇಳ್ರಿ."

ಅವನೂ ತನ್ನ ಕೈ ಪಕ್ಕಕ್ಕೆ ಹಿಡಿದ. ಗ್ರೀಸು, ಆಯಿಲ್ಲು, ಉಗುರಿನ ಸಂದಿಯಲ್ಲಿ ಕಪ್ಪು. "ಯಾವ ಕೈದು ಯಾವ ವಾಸನಿ ಅಂತ ಹೆಂಗ ತಿಳೀಬೇಕ್ರಿ ಮಾಲಕರ?"

"ಮಾಲಕರ ಅನ್ನಬ್ಯಾಡ್ರಿ ಇನ್ನ."

"ಮತ್ತೇನನ್ಲಿ?"

"ಯೋಚನಿ ಮಾಡ್ರಿ. ಇವತ್ತರ ಟಾಕಿ ಪೂರ್ತಿ ತುಂಬಸ್ತೀರಿಲ್ಲೊ?"

"ತುಂಬಿಸಿದ್ರ ನಾಳೆ ಬರಾಕ ನೆವ ಇರಂಗಿಲ್ಲ."

"ಇನ್ನ ಮ್ಯಾಲ ನೆವ ಯಾಕ ಬೇಕು?" ಎಂದು ಗುರುಸಿದ್ದವ್ವ ಅಂದಳು. ಅಂದು, ಮೀಟರಿನ ಕಡೆ ಮುಖ ಮಾಡಿದಳು.

ಅವರ ಮದುವೆಯ ದಿನ ಇಡೀ ಊರು ಬಂಕಿನ ಮುಂದೆ ಬಂದು ನಿಂತಿತ್ತು. ನೋಡಬೇಕಾಗಿದ್ದದ್ದು ಒಂದೇ: ಸ್ವಂತ ಮದುವೆಗಾದರೂ ಈ ಹುಡುಗಿ ಸಡಿಲಾಗುತ್ತಾಳೋ ಇಲ್ಲವೋ. ಅಂದಾನಪ್ಪನ ಅಂಬಾಸಡರು ಹೂ ಮುಡಿದುಕೊಂಡು ಸದ್ದಿಲ್ಲದೆ ಉರುಳಿ ಬಂದು ನಿಂತಿತು. ಬರುವುದಿಲ್ಲ ಅಂದಿದ್ದ ಹನಮಂತಪ್ಪ ತಟ್ಟೆ, ಕಾಯಿ, ಕಡ್ಡಿಪೆಟ್ಟಿಗೆ ಹಿಡಿದು ಎಲ್ಲರಿಗಿಂತ ಮುಂದೆ ಇದ್ದ. ತಂಗಿಯ ಮಗಳ ಮದುವೆಯಲ್ಲಿ ತಟ್ಟೆ ಬೇರೆಯವರು ಹಿಡಿಯುವುದನ್ನು ಅವನಿಂದ ನೋಡಲಾಗಲಿಲ್ಲ.

"ಗಾಡಿ ನಿಂತಲ್ಲೇ ಕರ್ಪೂರ. ಹಿರ್‍ಯಾರ ಕಾಲದ ಪದ್ಧತಿ. ಇವತ್ತ ನಾ ಯಾರ ಮಾತೂ ಕೇಳಂಗಿಲ್ಲ" ಎಂದು ಕಡ್ಡಿ ತೆಗೆದ.

"ಗೀರಬ್ಯಾಡ್ರಿ ಮಾವ." ಗಾಡಿಯೊಳಗಿಂದ ಗುರುಸಿದ್ದವ್ವ ಅಂದಳು. ಹಣೆಗೆ ಬಾಸಿಂಗ, ಮೈಮೇಲೆ ಕೆಂಪು ಸೆರಗಿನ ಇಳಕಲ್ ಸೀರೆ, ದನಿ ಅದೇ ದನಿ.

ಅಂದಾನಪ್ಪ ಕೆಳಗಿಳಿದು, ಶಲ್ಯ ಸೊಂಟಕ್ಕೆ ಬಿಗಿದ. "ಗಾಡಿ ನಿಂತಲ್ಲೇ ಕರ್ಪೂರ ಅಂದ್ರಿಲ್ಲೊ ಮಾವಾರ? ಹಂಗಾರ ಗಾಡಿ ಇನ್ನೂ ನಿಂತಿಲ್ಲ ಬಿಡ್ರಿ." ಎಂದವನೇ ಡಿಕ್ಕಿಗೆ ಹೆಗಲು ಕೊಟ್ಟು ದೂಡತೊಡಗಿದ. ಬಾಬುಸಾಬ ಓಡಿಹೋಗಿ ಸ್ಟೇರಿಂಗ್ ಹಿಡಿದ.

ಒಳಗೆ ಕೂತ ಮದಲಗಿತ್ತಿಯೂ ಬಾಗಿಲು ತೆಗೆದು ಇಳಿದಳು. ಸೆರಗು ಸಿಕ್ಕಿಸಿ ಗಂಡನ ಪಕ್ಕ ಹೆಗಲು ಹಚ್ಚಿದಳು.

"ಗಾಡಿ ಈಗ ಛಂದ ಚಾಲೂ ಆಗತೈತಲ್ಲ. ದೂಡೂದ್ಯಾಕ?" ಎಂದಳು ಏದುಸಿರಿನಲ್ಲಿ.

"ಅವತ್ತ ನನ್ನ ದೂಡಕ್ಕೋಂತ ಕಳಿಸಿದ್ರಿ. ಇವತ್ತ ಇಬ್ಬರೂ ಕೂಡಿ ದೂಡೂಣಂತ."

ಬಾಜಾದವರು ಕೇಳದೆಯೇ ಬಾಜಾ ಹಚ್ಚಿದರು. ಗಾಡಿ ರಸ್ತೆ ದಾಟಿ ಬೇವಿನ ಗಿಡದ ಬುಡಕ್ಕೆ ಬಂದು ನಿಂತಿತು. ಬೇರೆ ದಾರಿಯಿಲ್ಲದೆ ಹನಮಂತಪ್ಪ ತಟ್ಟೆ ಹಿಡಿದು ರಸ್ತೆ ದಾಟಿದ. ಅಲ್ಲಿ ಕಡ್ಡಿ ಗೀರಿದ. ಕರ್ಪೂರ ಬೆಳಗುವಾಗ ಅವನ ಮೀಸೆಯ ಕೆಳಗೆ ನಗು ನುಸುಳಿದ್ದನ್ನು ಗುರುಸಿದ್ದವ್ವ ನೋಡಿದಳು, ನೋಡಿಯೂ ನೋಡದಂತೆ ಇದ್ದಳು.

ಬಸಲಿಂಗವ್ವ ಮಾತ್ರ ಎದೆ ಬಡಿದುಕೊಂಡಳು. "ಅಯ್ಯ ನಮ್ಮವ್ವ, ಹೊಸಾ ಸೀರಿ! ಸೆರಗಿಗೆ ಆಯಿಲ್ ಮೆತ್ತಿಕೊಂಡೀಯಲ್ಲೇ! ಬಿಚ್ಚಿದ ಮ್ಯಾಲ ಕೊಡು, ತಿಕ್ಕಿ ತಗೀತೇನಿ."

ಗುರುಸಿದ್ದವ್ವ ಸೆರಗಿನ ಕಪ್ಪು ಕಲೆಯನ್ನೊಮ್ಮೆ, ಪಕ್ಕದಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದ ಗಂಡನನ್ನೊಮ್ಮೆ ನೋಡಿದಳು.

"ಬಿಡವ್ವ, ತಿಕ್ಕಬ್ಯಾಡ" ಎಂದಳು. "ಇದು ಹೋಗೂ ಜಾತಿ ಕಲಿ ಅಲ್ಲ."