ಬಾಚಣಿಗೆ ಗ್ಲಾಸಿನ ಕೆಳಗೆ

ಅವನು ಹೋದ ಮೇಲೆ ಅವಳು ಬಾಚಣಿಗೆಗಳಿದ್ದ ಗ್ಲಾಸನ್ನು ಎತ್ತಿ ನೋಡಿದಳು. ಕೆಳಗೆ ಏನೂ ಇರಲಿಲ್ಲ. ಗ್ಲಾಸಿನ ತಳದ ಒದ್ದೆ ಗುರುತಷ್ಟೇ.

“ಏನೇ ಹುಡುಕ್ತಿದ್ದೀಯ?” ಕೌಂಟರಿನಿಂದ ಚಿಕ್ಕಮ್ಮ ಕೇಳಿದರು. ಸಲೂನು ಅವರದು. ಇವಳಿಗೆ ಕತ್ತರಿ ಹಿಡಿಯುವುದನ್ನು ಕಲಿಸಿದವರೂ ಅವರೇ.

“ಏನಿಲ್ಲ.”

“ಟೋಪಿ ಇವತ್ತು ನಿಂಗೇ ಟೋಪಿ ಹಾಕಿ ಹೋದ ಅನ್ನು.”

ಟೋಪಿ ಎಂದರೆ ಎದುರಿನ ದೊಡ್ಡ ಹೋಟೆಲಿನ ಬಾಗಿಲಲ್ಲಿ ನಿಂತು ಅತಿಥಿಗಳ ಸಾಮಾನು ಎತ್ತುವವನು. ಗಟ್ಟಿ ಅಂಚಿನ ಟೋಪಿ ದಿನವಿಡೀ ತಲೆಯ ಮೇಲೆ ಕೂತು, ಕೂದಲಿನ ಸುತ್ತ ಬಳೆ ಒತ್ತಿದಂಥ ಗೆರೆ ಬೀಳುತ್ತಿತ್ತು. ಅದು ಕಾಣದ ಹಾಗೆ ಕತ್ತರಿಸುವುದು ಇವಳೊಬ್ಬಳಿಗೇ ಗೊತ್ತು ಎಂದು ಅವನ ವಾದ. ಹಾಗಾಗಿ ಕೂದಲು ಬೆಳೆಯುವ ಮೊದಲೇ ಬಂದು ಕೂರುತ್ತಿದ್ದ.

“ಏನು ಕತ್ತರಿಸ್ಲಿ? ಹೋದ ಸಲ ಬಿಟ್ಟಿದ್ದು ಹಾಗೇ ಇದೆ.”

“ಹುಡುಕಿ ಮೇಡಂ, ಎಲ್ಲೋ ಒಂದು ಸಿಗುತ್ತೆ.”

ಕನ್ನಡಿಯಲ್ಲಿ ಅವಳನ್ನು ನೋಡಲು ತಲೆ ವಾರೆ ಮಾಡುತ್ತಿದ್ದ. ಅವಳು ಎರಡು ಬೆರಳಿನಿಂದ ನೆಟ್ಟಗೆ ಮಾಡುತ್ತಿದ್ದಳು. ಮತ್ತೆ ವಾರೆ. ಮತ್ತೆ ಬೆರಳು.

ಟಿಪ್ಸ್ ಕೊಡುವುದರಲ್ಲೂ ಅವನದೊಂದು ರೀತಿಯಿತ್ತು. ಕೆಲವರು ನೋಟನ್ನು ಮುಖದೆದುರು ಹಿಡಿದು, ಅವಳು ಥ್ಯಾಂಕ್ಸ್ ಹೇಳುವವರೆಗೂ ಬಿಡುತ್ತಿರಲಿಲ್ಲ. ಇನ್ನು ಕೆಲವರು ನೋಟಿನ ಜೊತೆ ಕೈಯನ್ನೂ ಒತ್ತುತ್ತಿದ್ದರು. ಇವನು ಮಾತ್ರ, ಅವಳು ಹೊದಿಸಿದ್ದ ಬಟ್ಟೆ ಕೊಡವಲು ಆಚೆ ತಿರುಗಿದಾಗ, ಗ್ಲಾಸಿನ ಕೆಳಗೆ ಮಡಚಿಟ್ಟು ಎದ್ದುಬಿಡುತ್ತಿದ್ದ.

“ತಗೊಳ್ಳೋರ ಮುಖ ನೋಡಬಾರದು ಮೇಡಂ,” ಎಂದಿದ್ದ ಒಮ್ಮೆ. “ನನ್ನ ಮುಖ ದಿನಾ ಎಷ್ಟೊಂದು ಜನ ನೋಡ್ತಾರೆ, ನಂಗೊತ್ತು.”

ಅಂಥವನು ಇಂದು ಏನೂ ಇಡದೆ ಹೋಗಿದ್ದ. ಅವಳನ್ನು ಕುಟುಕಿದ್ದು ದುಡ್ಡಲ್ಲ. ಇಂದು ಕೆಲಸ ಮುಗಿದ ಮೇಲೆ ಅವನ ಕಿವಿಯ ಹಿಂದಿನ ಕೂದಲನ್ನು, ಬ್ರಷ್ ಕೈಯಲ್ಲಿದ್ದರೂ, ಬೆರಳಿನಿಂದಲೇ ಕೊಡವಿದ್ದಳು. ಸಲುಗೆ ಹೆಚ್ಚಾಯಿತೇ? ಇವಳು ಇಂಥವಳು ಅಂದುಕೊಂಡನೇ?

ಮುಂದಿನ ಸಲ ಅವನು ಬಂದಾಗ ಅವಳ ಬಾಯಿಗೆ ಬೀಗ. ಅವನು ತಲೆ ವಾರೆ ಮಾಡಿದ, ಬೆರಳು ಬರಲಿಲ್ಲ. “ನೆಟ್ಟಗೆ ಕೂತ್ಕೊಳ್ಳಿ,” ಎಂದಳು, ಅಷ್ಟೇ. ಕೆಲಸ ಮುಗಿದಾಗ ಬೇಕೆಂದೇ ಆಚೆ ತಿರುಗದೆ, ಅವನೆದುರೇ ಬಟ್ಟೆ ಕೊಡವಿದಳು. ಅವನು ಬರಿಗೈಯಲ್ಲಿ ಎದ್ದು ನಿಂತ.

“ಏನಪ್ಪಾ, ಇತ್ತೀಚೆಗೆ ಕೈ ಬಿಗಿಯಾಯ್ತಾ?” ಕಾಯುತ್ತಿದ್ದ ಗಿರಾಕಿಗಳೆಲ್ಲ ತಲೆಯೆತ್ತುವಷ್ಟು ಜೋರಾಗಿ ಚಿಕ್ಕಮ್ಮ ಕೇಳಿದರು.

ಅವನ ಕಿವಿ ಕೆಂಪಾಯಿತು. “ಹಾಗಲ್ಲಮ್ಮ. ನಮ್ಮ ಹೋಟೆಲಲ್ಲಿ ಒಂದು ಪದ್ಧತಿ. ಅಡುಗೆಯೋರು ಊರಿಗೆ ಹೊರಟ್ರೆ ಅವರ ಸಾಮಾನು ಎತ್ತೋನು ನಾನೇ. ನನ್ನ ಯೂನಿಫಾರಂಗೆ ಬಟನ್ ಹಾಕಿಕೊಡೋದು ಲಾಂಡ್ರಿ ಅಕ್ಕ. ನಮ್ಮನಮ್ಮಲ್ಲಿ ಟಿಪ್ಸ್ ಇಲ್ಲ. ಕೊಟ್ರೆ ಬೇಜಾರು ಮಾಡ್ಕೋತಾರೆ.” ಮಾತು ಚಿಕ್ಕಮ್ಮನೊಂದಿಗೆ, ಕಣ್ಣು ಕನ್ನಡಿಯಲ್ಲಿ. “ಮನೆಯವರಿಗೆ ಯಾರಾದ್ರೂ ಟಿಪ್ಸ್ ಕೊಡ್ತಾರಾ?”

ಅವಳ ಕೈಯಲ್ಲಿದ್ದ ಬಾಚಣಿಗೆ ಕೈಯಲ್ಲೇ ಉಳಿಯಿತು.

“ಇಲ್ಲಿ ಯಾರಪ್ಪ ನಿನ್ನ ಮನೆಯವರು?” ಚಿಕ್ಕಮ್ಮ ಎದ್ದೇಬಿಟ್ಟರು. “ಇನ್ಮೇಲೆ ಬೇರೆ ಸಲೂನ್ ನೋಡ್ಕೋ!”

ಅವನು ಅವಳತ್ತ ನೋಡಿದ. ಒಂದು ಮಾತು ಸಾಕಿತ್ತು. ಅಷ್ಟು ಜನರ ಮುಂದೆ ಅವಳಿಗೆ ಆ ಒಂದು ಮಾತು ಹೊರಡಲಿಲ್ಲ. ಅವನು ಆಗತಾನೇ ಬಾಚಿದ್ದ ಕೂದಲಿನ ಮೇಲೆ ಟೋಪಿ ಎಳೆದುಕೊಂಡು ಹೊರಟುಹೋದ.

ಆಮೇಲೆ ಅವನು ಬರಲಿಲ್ಲ. ಕುರ್ಚಿ ಖಾಲಿಯಾದಾಗೆಲ್ಲ ಅವಳು ಕಿಟಕಿಗೆ ಹೋಗಿ ನಿಲ್ಲುವುದನ್ನು ಚಿಕ್ಕಮ್ಮ ನೋಡಿಯೂ ನೋಡದಂತಿದ್ದರು. ಒಂದು ಮಧ್ಯಾಹ್ನ ತಡೆಯಲಾಗಲಿಲ್ಲ.

“ಸಿಕ್ಕಸಿಕ್ಕವರ ಮುಂದೆ ಕೈ ಚಾಚೋನು ಕಣೇ ಅವನು.”

“ಚಾಚಲ್ಲ ಚಿಕ್ಕಮ್ಮ. ಸಾಮಾನು ಇಟ್ಟ ತಕ್ಷಣ ಹಿಂದಕ್ಕೆ ಸರಿದು ಕೈ ಬೆನ್ನಿಗೆ ಕಟ್ಕೋತಾನೆ. ದಿನಾ ನೋಡ್ತೀನಿ.”

“ಓಹೋ. ದಿನಾ ನೋಡ್ತೀಯೋ!”

“ನೋಡ್ತೀನಿ. ಇನ್ಮೇಲೂ ನೋಡ್ತೀನಿ. ಟಿಪ್ಸ್ ತಗೊಳ್ಳೋದು ಅವಮಾನ ಆದ್ರೆ, ನಾನೂ ತಗೊಂಡೇ ಬೆಳೆದೋಳು. ನೀವೂ ತಗೊಂಡೇ ಈ ಸಲೂನ್ ಮಾಡಿದ್ದು.”

ಅವಳು ಒಳಕೋಣೆಗೆ ಹೋಗಿ, ಹಳೆಯ ಟವೆಲ್ ತುಂಬಿಟ್ಟಿದ್ದ ಸೂಟ್‌ಕೇಸನ್ನು ನೆಲಕ್ಕೆ ಕವುಚಿ, ಖಾಲಿ ಮಾಡಿ ತಂದಳು.

“ಎಲ್ಲಿಗೆ ಹೊರಟೆ?”

“ಎದುರಿಗೆ. ಮುಂದಿನ ಬಾಗಿಲಿಂದಲೇ.”

“ನಿಲ್ಲು.” ಚಿಕ್ಕಮ್ಮ ಬ್ರಷ್ ಹಿಡಿದು ಬಂದರು. “ಹೆಗಲ ಮೇಲೆ ಯಾರ್ಯಾರದೋ ಕೂದಲು. ಹೀಗೇ ಹೋಗ್ತೀಯಾ?” ಮುಖ ಗಂಟಿಕ್ಕಿಕೊಂಡೇ, ಎರಡೂ ಹೆಗಲನ್ನು ಮೆಲ್ಲಗೆ ಕೊಡವಿ ಕಳಿಸಿದರು.

ಹೋಟೆಲಿನ ಬಾಗಿಲಲ್ಲಿ ಅವಳನ್ನು ಕಂಡು ಅವನಿಗೆ ಹೇಳಬೇಕಾದ ಸ್ವಾಗತದ ಮಾತೇ ಮರೆತುಹೋಯಿತು.

“ಸಾಮಾನು ಎತ್ತಲ್ವಾ?” ಎಂದಳು.

ಎತ್ತಿದ. “ಇದ್ರಲ್ಲಿ ಏನೂ ಇಲ್ವಲ್ಲ ಮೇಡಂ?”

“ಹುಡುಕಿ, ಎಲ್ಲೋ ಒಂದು ಸಿಗುತ್ತೆ.”

ಅವನು ತುಟಿ ಕಚ್ಚಿ ನಗು ತಡೆದ. ಹೊಳೆಯುವ ನೆಲದ ಮೇಲೆ ಅವಳ ಸವೆದ ಚಪ್ಪಲಿ ಪಟಪಟ ಸದ್ದು ಮಾಡಿತು. ಅವಳು ಹೆಜ್ಜೆ ಹಗುರ ಮಾಡಲಿಲ್ಲ. ರಿಸೆಪ್ಷನ್ನಿನ ಹಿಂದಿದ್ದ ಮ್ಯಾನೇಜರು ಅವಳನ್ನು ಮೇಲಿಂದ ಕೆಳಗೆ ಅಳೆದರು. ಅವಳೂ ಅವರನ್ನು ಹಾಗೇ ಅಳೆದಳು, ಕತ್ತರಿಸಬೇಕಾದ ತಲೆಯನ್ನು ನೋಡುವ ಹಾಗೆ.

ಅವನು ಸೂಟ್‌ಕೇಸು ಇಳಿಸಿದ. ಅಭ್ಯಾಸದಂತೆ ಹಿಂದಕ್ಕೆ ಸರಿದು ಕೈ ಬೆನ್ನಿಗೆ ಕಟ್ಟಿಕೊಂಡ.

ಅವಳು ಪರ್ಸ್ ತೆರೆದಳು. ಎಲ್ಲರೂ ನೋಡುತ್ತಿದ್ದರು. ನೋಡಲಿ ಎಂದು ಒಂದು ಕ್ಷಣ ಹಾಗೇ ಹಿಡಿದಿದ್ದು, ಟಪ್ಪನೆ ಮುಚ್ಚಿದಳು.

“ಕೊಡಲ್ಲ,” ಎಂದಳು. ಅಂದು ಸಲೂನಿನಲ್ಲಿ ಹೊರಡದ ದನಿ ಇಡೀ ಹಾಲ್‌ಗೆ ಕೇಳಿಸಿತು. “ಮನೆಯವರಿಗೆ ಯಾರಾದ್ರೂ ಟಿಪ್ಸ್ ಕೊಡ್ತಾರಾ?”

ಅವನು ಕಟ್ಟಿದ್ದ ಕೈ ಬಿಚ್ಚಿ ಟೋಪಿ ತೆಗೆದ. ಡ್ಯೂಟಿಯಲ್ಲಿ ಟೋಪಿ ತೆಗೆಯುವಂತಿರಲಿಲ್ಲ. ಕೂದಲು ಬೆಳೆದು ಕಿವಿ ಮುಚ್ಚಿತ್ತು. ಬೇರೆ ಯಾವ ಸಲೂನಿಗೂ ಹೋಗಿರಲಿಲ್ಲ. ತಲೆಯ ಸುತ್ತ ಆ ಗೆರೆ ಹಾಗೇ ಇತ್ತು. ಅವಳು ಕೈ ಚಾಚಿ, ಎಲ್ಲರೆದುರೇ, ಅದನ್ನು ಬೆರಳಿನಿಂದ ಸರಿಮಾಡತೊಡಗಿದಳು.

“ಏಯ್, ಟೋಪಿ ಹಾಕೋ!” ಮ್ಯಾನೇಜರು ಕೂಗಿದರು.

“ಒಂದು ನಿಮಿಷ ಸಾರ್,” ಎಂದ ಅವನು, ತಲೆ ಅಲ್ಲಾಡಿಸದೆ. “ನಮ್ಮ ಮನೆಯವರು ಬಂದಿದ್ದಾರೆ.”