ಅಜ್ಜಿಮರಕ್ಕೊಂದು ನೀಲಿ ಪಟ್ಟಿ

"ಇನ್ನೊಂಚೂರು... ಇನ್ನೊಂಚೂರು..." ಎನ್ನುತ್ತಾ ಗುಬ್ಬಿ ತುದಿಗಾಲಲ್ಲಿ ನಿಂತು ತಂತಿ ಬ್ರಷ್ಷಿನಿಂದ ಮರವನ್ನು ಉಜ್ಜಿದಳು. ಹಸಿರು ಪಾಚಿ ಹಳೇ ಸ್ವೆಟರಿನ ಹಾಗೆ ಕಿತ್ತುಕೊಂಡು ಕಾಲಬುಡಕ್ಕೆ ಬಿತ್ತು. ತೋಳು ನೋಯುತ್ತಿತ್ತು. ಆದರೂ ಅವಳಿಗೆ ಸಮಾಧಾನವಿಲ್ಲ.

ನೆಂಟರು ಬರುವ ಮುಂಚೆ ಮನೆ ಗುಡಿಸುವುದಿಲ್ಲವೇ? ಇದೂ ಹಾಗೇ. ಇವತ್ತು ಅರಣ್ಯ ಇಲಾಖೆಯ ಆಫೀಸರ್ ಮೇಡಂ, ಕಾಡಿಗೇ ಹಿರಿಯಳಾದ ಈ ಅಜ್ಜಿಮರವನ್ನು ನೋಡಲು ಬರುತ್ತಿದ್ದಾರೆ.

ಕಾಡಿನ ಮರಗಳಿಗೆ ಬಣ್ಣದ ಗುರುತು ಹಾಕುವುದು ಗುಬ್ಬಿಯ ಅಮ್ಮನ ಕೆಲಸ. ಕೆಂಪು ಗೀಟು ಬಿತ್ತೋ, ಆ ಮರ ಕಡಿಯುವುದಕ್ಕೆ. ಸುತ್ತಲೂ ನೀಲಿ ಪಟ್ಟಿ ಬಿತ್ತೋ, ಅದನ್ನು ಯಾರೂ ಮುಟ್ಟುವಂತಿಲ್ಲ. ಈ ಭಾಗವನ್ನೆಲ್ಲ ಕಡಿದು ಹೊಸ ಸಸಿ ನೆಡುತ್ತಾರಂತೆ. ಅಜ್ಜಿಮರವನ್ನಾದರೂ ಬಿಡಿ ಎಂದು ಅಮ್ಮ ಆಫೀಸಿಗೇ ಹೋಗಿ ಕೇಳಿಕೊಂಡಿದ್ದಳು.

"ಒಳಗೆಲ್ಲ ಟೊಳ್ಳು. ದಿಮ್ಮಿ ಎಳೆಯೋ ಟ್ರ್ಯಾಕ್ಟರ್ ತಿರುಗಿಸೋಕೂ ಅಡ್ಡ. ಬಂದು ನೋಡ್ತೀನಿ, ಆಮೇಲೆ ಹೇಳ್ತೀನಿ" ಎಂದಿದ್ದರಂತೆ ಮೇಡಂ.

ಅವತ್ತಿನಿಂದ ಅಮ್ಮನಿಗೆ ಊಟದ ಮೇಲೂ ಗಮನವಿಲ್ಲ. ಅದಕ್ಕೇ ಗುಬ್ಬಿ, ಅಮ್ಮ ಕಾಡಿನ ಆಚೆ ಬದಿಯಲ್ಲಿ ಗುರುತು ಹಾಕುತ್ತಿದ್ದಾಗ ಬ್ರಷ್ ಎತ್ತಿಕೊಂಡು ಬಂದಿದ್ದಳು. ಅಮ್ಮನೇ ಯಾವಾಗಲೂ ಹೇಳುವುದಲ್ಲವೇ, "ಪಾಚಿ ಮೇಲೆ ಪೇಂಟ್ ಕೂರಲ್ಲ ಕಣೇ. ಮೊದ್ಲು ಉಜ್ಜು, ಆಮೇಲೆ ಬಳಿ" ಅಂತ?

"ಏನಮ್ಮಾ ಗುಬ್ಬಿ, ಅಜ್ಜಿಗೆ ಮೈಯುಜ್ಜಿ ಸ್ನಾನ ಮಾಡಿಸ್ದಂಗಿದೆ! ಪೌಡರ್ ಒಂದು ಬಾಕಿ" ಎಂದು ನಗುತ್ತಾ ಬಂದವನು ಗರಗಸದ ಮಾವ. ಮರ ಕಡಿಯುವ ಮಶೀನು ಅವನದೇ.

ಅವನ ಹಿಂದೆ ಅಮ್ಮ ಬಂದಳು. ಮರ ನೋಡಿದಳು. ಪೇಂಟ್ ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟಳು.

"ಗುಬ್ಬೀ... ಏನೇ ಮಾಡ್ದೆ?"

"ನೀಟಾಗಿ ಕಾಣ್ಲಿ ಅಂತ..."

"ಮೇಡಂಗೆ ತೋರಿಸ್ಬೇಕು ಅಂತಿದ್ದಿದ್ದೇ ಅದನ್ನ ಕಣೇ! ಈ ಪಾಚಿ, ಈ ಕಲ್ಲುಹೂವು. ಇವೆಲ್ಲ ಇಷ್ಟು ದಟ್ಟವಾಗಿ ಹಳೇ ಮರದ ಮೇಲೇನೇ ಬರೋದು."

ಗುಬ್ಬಿ ಕೆಳಗೆ ನೋಡಿದಳು. ಪಾಚಿಯ ಗುಡ್ಡೆಯಲ್ಲಿ ಬೂದು ಬಣ್ಣದ, ಅಂಚಿಗೆ ನೆರಿಗೆ ಇರುವ ಚೂರುಗಳಿದ್ದವು. ಕಲ್ಲೂ ಅಲ್ಲದ, ಹೂವೂ ಅಲ್ಲದ ಆ ಕಲ್ಲುಹೂವನ್ನು ಅವಳು ಮರಕ್ಕೆ ಹಿಡಿದ ಕಜ್ಜಿ ಅಂದುಕೊಂಡಿದ್ದಳು. ಒಂದು ಚೂರನ್ನು ಎತ್ತಿ ತೊಗಟೆಗೆ ಒತ್ತಿ ಹಿಡಿದಳು. ಕೈ ಬಿಟ್ಟರೆ ಬಿತ್ತು. ಮತ್ತೆ ಒತ್ತಿದಳು. ಮತ್ತೆ ಬಿತ್ತು.

"ಮಾವ, ಗಮ್ ಇದ್ಯಾ?"

ಎಲ್ಲದಕ್ಕೂ ತಮಾಷೆ ಮಾಡುವ ಮಾವ ಈ ಸಲ ಬಗ್ಗಿ, ಬಿದ್ದ ಚೂರುಗಳನ್ನು ಒಂದು ಕಡೆ ಕೂಡಿಸಿದ.

ಅಷ್ಟರಲ್ಲಿ ಜೀಪು ಬಂತು. ಮೇಡಂ ಇಳಿದು, ಮರದ ಬುಡವನ್ನೇ ನೋಡುತ್ತಾ ಒಂದು ಸುತ್ತು ಬಂದರು. "ಇದೇನಾ ಮರ? ಏನೂ ಇಲ್ವಲ್ಲ ಇದರ ಮೇಲೆ?"

ಅಮ್ಮ ಬಾಯಿ ತೆರೆಯುವ ಮೊದಲೇ ಗುಬ್ಬಿ ಹೇಳಿದಳು. "ಇತ್ತು ಮೇಡಂ. ನಾನೇ ಉಜ್ಜಿಬಿಟ್ಟೆ. ಅಮ್ಮಂಗೆ ಗೊತ್ತೇ ಇರ್ಲಿಲ್ಲ."

ಮೇಡಂ ಅವಳ ಹಸಿರಾಗಿದ್ದ ಉಗುರುಗಳನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು ಅನಿಸಿತು ಗುಬ್ಬಿಗೆ. ಅವರು ಕುಕ್ಕರಗಾಲಲ್ಲಿ ಕೂತು, ಪಾಚಿಯ ಒಂದು ಹಕ್ಕಳೆ ಎತ್ತಿ, ಜೇಬಿನಿಂದ ಭೂತಗನ್ನಡಿ ತೆಗೆದರು.

"ಬಾ, ನೋಡು."

ಗುಬ್ಬಿ ಒಂದು ಕಣ್ಣು ಮುಚ್ಚಿ ನೋಡಿದಳು. ಅಯ್ಯೋ, ಅಲ್ಲೊಂದು ಪುಟ್ಟ ಕಾಡೇ ಇತ್ತು! ಸಣ್ಣ ಸಣ್ಣ ಮರಗಳು, ಅವುಗಳ ನಡುವೆ ನೀರಿನ ಹನಿ, ಹನಿಯ ಪಕ್ಕದಲ್ಲಿ ಗಾಬರಿಯಿಂದ ಓಡುವ ಕೆಂಪು ಹುಳು.

"ಮತ್ತೆ ಬರುತ್ತಾ ಮೇಡಂ?"

"ಪಾಚಿ ಸ್ವಲ್ಪ ಬೇಗ ಬರಬಹುದು. ಕಲ್ಲುಹೂವು ಮಹಾ ಸೋಮಾರಿ. ನಿನ್ನ ಉಗುರಷ್ಟು ಅಗಲ ಆಗೋ ಹೊತ್ತಿಗೆ ನೀನು ಕಾಲೇಜಲ್ಲಿರ್ತೀಯ." ಮೇಡಂ ಎದ್ದು ನಿಂತರು. "ಆದ್ರೆ ಬರೋಕೆ ಎಲ್ಲಿಂದಾದ್ರೂ ಬರ್ಬೇಕಲ್ಲ? ಎಲ್ಲಿಂದ ಬರುತ್ತೆ, ಹೇಳು?"

ಗುಬ್ಬಿ ತಲೆಯೆತ್ತಿದಳು. ಅವಳ ಕೈ ಎಟುಕಿದಲ್ಲಿಗೆ ಬೋಳು ಮುಗಿದಿತ್ತು. ಅಲ್ಲಿಂದ ಮೇಲೆ ಕಾಂಡವೆಲ್ಲ ಹಸಿರು. ಕೊಂಬೆಗಳಿಂದ ಕಲ್ಲುಹೂವಿನ ಬೂದುಬಣ್ಣದ ಗಡ್ಡಗಳು ಇಳಿಬಿದ್ದಿದ್ದವು. ತಾನು ಕುಳ್ಳಿಯಾಗಿರುವುದಕ್ಕೆ ಅವಳಿಗೆ ಮೊದಲ ಸಲ ಖುಷಿಯಾಯಿತು.

"ಮೇಲಿಂದ!"

ಆಮೇಲೆ ದೂರದಲ್ಲಿ ಕೆಂಪು ಗೀಟು ಹೊತ್ತು ನಿಂತಿದ್ದ ಎಳೆಯ ಮರಗಳನ್ನು ನೋಡಿದಳು. ಅವುಗಳ ಮೈ ನುಣ್ಣಗಿತ್ತು. "ಹೊಸದಾಗಿ ನೆಡೋ ಸಸಿಗಳಿಗೂ... ಪಾಚಿ ಇಲ್ಲಿಂದಲೇ ಹೋಗ್ಬೇಕಲ್ವಾ ಮೇಡಂ? ಅಜ್ಜಿಮರಾನೇ ಇಲ್ದಿದ್ರೆ..."

ಮೇಡಂ ಕತ್ತೆತ್ತಿ ಕೊಂಬೆಗಳನ್ನು ನೋಡಿದರು. ಆಮೇಲೆ ಮಾವನ ಕಡೆ ತಿರುಗಿದರು.

"ಟ್ರ್ಯಾಕ್ಟರ್ ಆ ಕಡೆಯಿಂದ ತಿರುಗುತ್ತೇನ್ರೀ?"

"ತಿರುಗಿಸಿದ್ರೆ ತಿರುಗುತ್ತೆ ಮೇಡಂ. ಸ್ವಲ್ಪ ಬೈಕೊಂಡು."

"ಬೈಕೊಂಡೇ ತಿರುಗ್ಸಿ. ಇದನ್ನ ಬಿಡೋಣ. ಪಕ್ಕದ ಮರಗಳನ್ನೂ ಬಿಡಿ, ಒಂಟಿ ನಿಂತ್ರೆ ಬಿಸಿಲಿಗೆ ಪಾಚಿ ಒಣಗಿಹೋಗುತ್ತೆ."

ಜೀಪು ಹೋದ ಮೇಲೆ ಅಮ್ಮ ಮೂಗೊರೆಸಿಕೊಂಡು, ಪೇಂಟ್ ಬ್ರಷ್ಷನ್ನು ಗುಬ್ಬಿಯ ಕೈಗೆ ಕೊಟ್ಟಳು. "ಹಾಕು. ಉಜ್ಜೋ ಕೆಲ್ಸ ಹೇಗೂ ಮುಗ್ದಿದೆ."

ಗುಬ್ಬಿ ನಾಲಿಗೆ ಕಚ್ಚಿಕೊಂಡು ನೀಲಿ ಪಟ್ಟಿ ಎಳೆಯುತ್ತಾ ಮರದ ಸುತ್ತ ನಡೆದಳು. ನೆರಳಿನ ಬದಿಗೆ ಬಂದಾಗ ನಿಂತಳು. ಇನ್ನು ಒಂದು ಗೇಣು ಉಳಿದಿತ್ತು.

"ಪೂರ್ತಿ ಮಾಡೇ. ಅಲ್ಲಿ ಜಾಗ ಬಿಟ್ಟಿದ್ದೀಯಲ್ಲ."

ಗುಬ್ಬಿ ಮೇಲೆ ನೋಡಿದಳು. ಬಿಟ್ಟ ಜಾಗದ ನೇರಕ್ಕೇ ಪಾಚಿಯ ಹಸಿರು ಅಂಚು ಎಲ್ಲಕ್ಕಿಂತ ಕೆಳಗೆ ಇಳಿದಿತ್ತು.

"ಪಾಚಿಗೆ ಇಳಿದು ಬರೋಕೆ ದಾರಿ ಬೇಡ್ವಾ ಅಮ್ಮ?"

ಅಮ್ಮ ಪೇಂಟ್ ಡಬ್ಬಿಯ ಮುಚ್ಚಳ ಹಾಕಿದಳು.