ಮಂಗಳೂರಿಗೆ ಹೋಗಿಬಂದ ಬುತ್ತಿ

ಧೂಳಮ್ಮ ಹುಮನಾಬಾದಿನಲ್ಲಿ ಬಸ್ಸಿಳಿದಾಗ ಬೆಳಗಿನ ಏಳೂ ಆಗಿರಲಿಲ್ಲ. ೧೯೯೯ರ ಮೇ ತಿಂಗಳು, ಅಷ್ಟು ಹೊತ್ತಿಗೇ ಬಿಸಿಲು ಚುರುಗುಟ್ಟುತ್ತಿತ್ತು. ಆಕೆ ದಾರಿ ಕೇಳಿಕೊಂಡು ಕಸ್ತೂರಿಬಾಯಿಯವರ ಮನೆಗೆ ಬಂದವಳೇ ಚಪ್ಪಲಿ ಬಿಟ್ಟು ಅಂಗಳದಲ್ಲೇ ಕುಸಿದು ಕೂತಳು. ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ ಓಂಪ್ರಕಾಶ ಕಪ್ಪು ಕೆಳಗಿಟ್ಟು ಒಳಗೆ ಕೂಗು ಹಾಕಿದ.

ಕಸ್ತೂರಿಬಾಯಿ ಹೆಣ್ಣುಮಕ್ಕಳ ಶಾಲೆಯ ನಿವೃತ್ತ ಮುಖ್ಯೋಪಾಧ್ಯಾಯಿನಿ. ಮೂವತ್ತು ವರ್ಷ ಹುಡುಗಿಯರ ಸುಳ್ಳು ಕೇಳಿ ಕೇಳಿ ಅವರ ಕಿವಿ ಎಷ್ಟು ಹದವಾಗಿತ್ತೆಂದರೆ, ಸುತ್ತಲ ಹಳ್ಳಿಯವರು ಏನು ಕಳೆದರೂ ಠಾಣೆಗಿಂತ ಮೊದಲು ಅವರ ಮನೆಗೆ ಬರುತ್ತಿದ್ದರು. ಓಂಪ್ರಕಾಶ ಅವರ ಹಳೆಯ ಶಿಷ್ಯೆಯೊಬ್ಬಳ ತಮ್ಮ. ಟಂಟಂ ಆಟೋ ಓಡಿಸುವುದು ಅವನ ದಂಧೆ. ಊರಿಗೆಲ್ಲ ಅಕ್ಕೋರಾದ ಅವರನ್ನು ಊರೂರಿಗೆ ಒಯ್ಯುವವನು ಅವನೇ, ಅವರ ಬುದ್ಧಿಯಲ್ಲಿ ಅರ್ಧ ಪಾಲು ತನ್ನದೆಂದು ಹೇಳಿಕೊಂಡು ತಿರುಗುವವನೂ ಅವನೇ.

ಧೂಳಮ್ಮ ಅಳುತ್ತಲೇ ಹೇಳಿದ್ದು ಇಷ್ಟು. ಆಕೆಯ ಗಂಡ ಪಂಡರಿ ದುಬಲಗುಂಡಿ ಕಡೆಯ ಕುರಿಗಾರ. ಹದಿನೆಂಟು ವರ್ಷದಿಂದ ಬೇಸಿಗೆಯಲ್ಲಿ ಬಸವಕಲ್ಯಾಣದ ವೀರಭದ್ರಪ್ಪನವರ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿ ನಿಲ್ಲಿಸುತ್ತಿದ್ದ. ಸೋಮವಾರ ವೀರಭದ್ರಪ್ಪ ಮನೆಮಂದಿಯನ್ನೆಲ್ಲ ಕರೆದುಕೊಂಡು ಮುಡಬಿಗೆ ಮದುವೆಗೆ ಹೋದಾಗ ಬಾಗಿಲ ಕೀಲಿಕೈಯನ್ನು ಪಂಡರಿಯ ಕೈಗೇ ಕೊಟ್ಟಿದ್ದರು. ಸಂಜೆ ಬಂದು ನೋಡಿದರೆ ಬೀಗ ಬೀಗದ ಹಾಗೆಯೇ ಇತ್ತು, ದೇವರ ಕೋಣೆಯಲ್ಲಿ ಬೆಳ್ಳಿ ಕರಡಿಗೆ ಮಾತ್ರ ಇರಲಿಲ್ಲ. ಇಷ್ಟಲಿಂಗ ಇಡುವ ಆ ಡಬ್ಬಿ ನಾಲ್ಕು ತಲೆಮಾರಿನದು. ಬರುವ ತಿಂಗಳು ವೀರಭದ್ರಪ್ಪನವರ ಮೊಮ್ಮಗನಿಗೆ ಲಿಂಗ ಕಟ್ಟುವಾಗ ಅವನ ಕೊರಳಿಗೆ ಹೋಗಬೇಕಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಹಾಗೆ ವೀರಭದ್ರಪ್ಪ ಮರುದಿನವೇ ಬಸ್‌ಸ್ಟ್ಯಾಂಡ್ ಚೌಕದಲ್ಲಿ ನಿಂತು, ನೂರು ಮಂದಿ ಕೇಳುವ ಹಾಗೆ ಪಂಡರಿಯನ್ನು ಕಳ್ಳ ಅಂದರು. ಗುರುವಾರ ಸಂಜೆಯೊಳಗೆ ಡಬ್ಬಿ ಬರದಿದ್ದರೆ ಪೊಲೀಸರ ಕೈಗೆ ಕೊಡುವುದಾಗಿಯೂ ಹೇಳಿದರು.

"ಅಕ್ಕೋರೆ, ನಮಗ ಹೊಲ ಇಲ್ರಿ. ಮಂದಿ ತಮ್ಮ ಹೊಲಕ್ಕ ಕರದ್ರ ನಮ್ಮ ಬದುಕು ನಡೀತದ. ಕಳ್ಳ ಅಂದ ಮ್ಯಾಲ ಯಾರು ಕರೀತಾರ? ನಿನ್ನಿನೇ ಹುಡಗಿ ಊರಿನವರು ಬರಬ್ಯಾಡ್ರಿ ಅಂತ ಹೇಳಿ ಕಳಿಸ್ಯಾರ," ಅಂದಳು ಧೂಳಮ್ಮ.

ಕಸ್ತೂರಿಬಾಯಿ ಒಂದೇ ಪ್ರಶ್ನೆ ಕೇಳಿದರು: ಕೀಲಿಕೈ ಎಷ್ಟು ಇದ್ದವು? ಎರಡು. ಒಂದು ಪಂಡರಿಯ ಕೈಯಲ್ಲಿತ್ತು. ಇನ್ನೊಂದು ವೀರಭದ್ರಪ್ಪನವರ ತಮ್ಮ ದಿಗಂಬರನ ಹತ್ತಿರ. ಆದರೆ ಆ ಮನುಷ್ಯ ವ್ಯಾಪಾರಕ್ಕೆ ತೆಂಗು ಗೋಡಂಬಿ ನೋಡಿ ಬರುತ್ತೇನೆಂದು ಎಂಟು ದಿನದಿಂದ ಮಂಗಳೂರಿನಲ್ಲಿದ್ದ. ಇವತ್ತು ಬುಧವಾರ ವಾಪಸು ಬರುವವನಿದ್ದ.

"ಗಾಡಿ ತೆಗಿ," ಅಂದರು ಕಸ್ತೂರಿಬಾಯಿ.

ಅವರು ಬಸವಕಲ್ಯಾಣ ಮುಟ್ಟಿದಾಗ ದಿಗಂಬರ ಆಗಷ್ಟೇ ಬಂದು ಕಾಲು ತೊಳೆದುಕೊಳ್ಳುತ್ತಿದ್ದ. ವೀರಭದ್ರಪ್ಪ ಗಡಸು ಮನುಷ್ಯ, ಆದರೆ ಅಕ್ಕೋರೆಂದರೆ ಅವರಿಗೂ ಮರ್ಯಾದೆ. ಅವರ ಮಗಳು ಅಕ್ಕೋರ ಕೈಯಲ್ಲೇ ಓದಿದ್ದವಳು. ಅವರು ತಾವೇ ದೇವರ ಕೋಣೆ ತೋರಿಸಿದರು. ಕಸ್ತೂರಿಬಾಯಿ ಹೊಸ್ತಿಲಲ್ಲೇ ನಿಂತು ನೋಡಿದರು. ಮೊಮ್ಮಗನಿಗೆಂದು ಸ್ವಾಮಿಗಳು ಕೊಟ್ಟಿದ್ದ ಲಿಂಗವನ್ನು ಮೊದಲೇ ಕರಡಿಗೆಯಲ್ಲಿ ಇಟ್ಟಿದ್ದರಂತೆ. ಕಳ್ಳ ಅದನ್ನು ಒಯ್ದಿರಲಿಲ್ಲ. ತೊಳೆದ ಬಿಳಿ ವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ, ಅದರ ಮೇಲೆ ವಿಭೂತಿ ಉದುರಿಸಿ, ಲಿಂಗವನ್ನು ಅಲ್ಲಿಟ್ಟು ಹೋಗಿದ್ದ. ಪಂಡರಿ ಎಂದಾದರೂ ಈ ಕೋಣೆಗೆ ಬಂದದ್ದುಂಟೋ ಎಂದು ಕೇಳಿದ್ದಕ್ಕೆ, ಹದಿನೆಂಟು ವರ್ಷದಲ್ಲಿ ಪಡಸಾಲೆ ದಾಟಿಲ್ಲವೆಂದು ವೀರಭದ್ರಪ್ಪ ಹೇಳಿದರು.

ಅಂಗಳದಲ್ಲಿ ಕೂತಿದ್ದ ಪಂಡರಿ ತಲೆ ಎತ್ತಲಿಲ್ಲ. ಮಧ್ಯಾಹ್ನ ಕುರಿಗಳಿಗೆ ನೀರು ಕುಡಿಸಲು ಎರಡು ತಾಸು ಹಳ್ಳಕ್ಕೆ ಹೋಗಿದ್ದೆ, ಉಳಿದ ಹೊತ್ತು ಕಟ್ಟೆ ಬಿಟ್ಟು ಕದಲಿಲ್ಲ ಎಂದು ನೆಲ ನೋಡುತ್ತಲೇ ಹೇಳಿದ.

ಪಡಸಾಲೆಯಲ್ಲಿ ಮಾತ್ರ ದಿಗಂಬರನ ಮಂಗಳೂರು ಪುರಾಣ ಶುರುವಾಗಿತ್ತು. ಬಂದರದಲ್ಲಿ ಓಣಿಯಷ್ಟು ಉದ್ದದ ಹಡಗುಗಳಂತೆ, ಕೆಂಪು ಹಂಚಿನ ಮನೆಗಳಂತೆ, ಬಸ್ಸಿನ ತುಂಬ ಮೀನಿನ ವಾಸನೆಯಂತೆ, ಸಂಜೆ ಸೂರ್ಯ ನೀರಿನೊಳಗೆ ಇಳಿಯುತ್ತಾನಂತೆ. ಓಂಪ್ರಕಾಶ ಹುಟ್ಟಿದಾಗಿನಿಂದ ಕೆರೆಗಿಂತ ದೊಡ್ಡ ನೀರು ಕಂಡವನಲ್ಲ. ಬಂದ ಕೆಲಸ ಮರೆತು ಬಾಯಿ ತೆರೆದು ಕೇಳಿದ. ದಿಗಂಬರ ಸಮುದ್ರದ ಚಿಪ್ಪು, ಗೋಡಂಬಿ, ಬಾಳೆಕಾಯಿ ಚಿಪ್ಸು ಎಲ್ಲ ಹಂಚಿದ ಮೇಲೆ ಒಂದು ಬಟ್ಟೆಗಂಟನ್ನು ಹೆಂಡತಿ ಅನುರಾಧಾಳ ಕೈಗಿಟ್ಟ. ಆಕೆ ಕಟ್ಟಿಕೊಟ್ಟ ನಲವತ್ತು ಕಡಕ್ ರೊಟ್ಟಿಗಳಲ್ಲಿ ಹನ್ನೆರಡು ಉಳಿದಿದ್ದವು. ಜೋಳದ ರೊಟ್ಟಿ ಎಸೆಯುವ ಪಾಪ ಯಾರಿಗೆ ಬೇಕು, ಅದಕ್ಕೇ ಹೊತ್ತು ತಂದೆ ಅಂದ.

ಅನುರಾಧಾ ಅಲ್ಲೇ ಗಂಟು ಬಿಚ್ಚಿ, ಶೇಂಗಾ ಹಿಂಡಿ ಮೊಸರು ತಂದಿಟ್ಟಳು. ಕಸ್ತೂರಿಬಾಯಿ ಒಂದು ರೊಟ್ಟಿ ಎತ್ತಿ ಲಟಕ್ಕನೆ ಮುರಿದರು. ಇನ್ನೊಂದನ್ನೂ ಮುರಿದರು, ಮತ್ತೊಂದನ್ನೂ. ಮೂರು ರೊಟ್ಟಿ ತಿಂದು, ನಾಲ್ಕನೆಯದನ್ನು ತಮ್ಮ ಚೀಲಕ್ಕೆ ಹಾಕಿಕೊಂಡಾಗ ಓಂಪ್ರಕಾಶನಿಗೆ ನಾಚಿಕೆಯಿಂದ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

"ಭಾಳ ರುಚಿ ಅದಾವ. ಅಲ್ಲಿ ಎಲ್ಲಿ ಇಟ್ಟಿದ್ರಿ ಇವನ್ನ, ಡಬ್ಬ್ಯಾಗ?" ಎಂದು ಕೇಳಿದರು.

"ಎಲ್ಲಿ ಡಬ್ಬಿರಿ, ಇದೇ ಗಂಟಿನ್ಯಾಗ. ಖೋಲಿ ಕಿಟಕಿ ಸಮುದ್ರದ ಕಡಿಗೇ ಇತ್ತು, ಅಲ್ಲೇ ಇಟ್ಟಿದ್ದೆ. ಎಂಟೂ ದಿನ ತಂಪು ಗಾಳಿ," ಅಂದ ದಿಗಂಬರ.

ಹೊರಗೆ ಬಂದ ಕಸ್ತೂರಿಬಾಯಿ ಮೂರು ಚೀಟಿ ಬರೆದು, ಹುಮನಾಬಾದಿನ ಮೂರು ಲಾಡ್ಜಿಗೆ ಮುಟ್ಟಿಸಿ ಬಾ ಎಂದರು. ಯಾರಾದರೂ ಬರುತ್ತೇನೆಂದರೆ ನಾಳೆ ಸಂಜೆ ಕರೆದುಕೊಂಡು ಬಾ ಎಂದೂ ಹೇಳಿದರು. ಏನು ವಿಷಯವೆಂದು ಓಂಪ್ರಕಾಶ ಕೇಳಿದ್ದಕ್ಕೆ, ನೀನೂ ನನ್ನಷ್ಟೇ ನೋಡಿದ್ದೀಯಲ್ಲ, ಅರ್ಧ ಬುದ್ಧಿ ನಿಂದೇ ಅಲ್ಲವೇನೋ ಅಂದುಬಿಟ್ಟರು. ಅವನು ದಾರಿಯುದ್ದಕ್ಕೂ ಯೋಚಿಸಿದ, ಒಂದು ಎಳೆಯೂ ಸಿಗಲಿಲ್ಲ.

ಗುರುವಾರ ಸಂಜೆ ಪಡಸಾಲೆ ತುಂಬಿತ್ತು. ವೀರಭದ್ರಪ್ಪ, ದಿಗಂಬರ, ಅನುರಾಧಾ, ನೆರೆಹೊರೆಯ ಹತ್ತು ಮಂದಿ ಒಳಗೆ. ಪಂಡರಿ, ಧೂಳಮ್ಮ ಮೆಟ್ಟಿಲ ಮೇಲೆ. ಓಂಪ್ರಕಾಶ ಕರೆತಂದಿದ್ದ ಬೋಳುತಲೆಯ ಮನುಷ್ಯ ಇನ್ನೂ ಗಾಡಿಯಲ್ಲೇ ಕೂತಿದ್ದ.

ಕಸ್ತೂರಿಬಾಯಿ ಪಾಠ ಹೇಳುವ ದನಿಯಲ್ಲೇ ಶುರುಮಾಡಿದರು. ಹೊರಗಿನ ಕಳ್ಳನಾಗಿದ್ದರೆ ಡಬ್ಬಿಯನ್ನು ಇದ್ದ ಹಾಗೇ ಬಗಲಿಗೆ ಹಾಕಿಕೊಂಡು ಓಡುತ್ತಿದ್ದ. ಈ ಕಳ್ಳ ನಿಂತು, ಮಡಿವಸ್ತ್ರ ಎಲ್ಲಿದೆ, ಭಸ್ಮ ಎಲ್ಲಿದೆ ಎಂದು ಹುಡುಕದೆಯೇ ತೆಗೆದುಕೊಂಡು, ಲಿಂಗಕ್ಕೆ ಆಸನ ಮಾಡಿ ಹೋಗಿದ್ದಾನೆ. ಬೆಳ್ಳಿ ಒಯ್ಯಲು ಅಂಜಲಿಲ್ಲ, ಲಿಂಗ ಒಯ್ಯಲು ಅಂಜಿದ. ದಿನಾ ಆ ಕೋಣೆಯಲ್ಲಿ ಪೂಜೆ ಮಾಡುವವನು ಮಾತ್ರ ಹಾಗೆ ಮಾಡಿಯಾನು. ಅಂಥವರೆಲ್ಲ ಸೋಮವಾರ ಮುಡಬಿಯ ಮದುವೆಯಲ್ಲಿದ್ದರು, ಒಬ್ಬರನ್ನು ಬಿಟ್ಟು. ಎರಡನೆಯ ಕೀಲಿಕೈ ಇದ್ದದ್ದೂ ಅವರ ಹತ್ತಿರವೇ, ಪಂಡರಿ ಹಳ್ಳಕ್ಕೆ ಹೋದ ಎರಡು ತಾಸು ಅವರಿಗೆ ಸಾಕಿತ್ತು.

"ನಾನು ಮಂಗಳೂರಾಗ ಇದ್ದೆನ್ರಿ," ಅಂದ ದಿಗಂಬರ.

ಕಸ್ತೂರಿಬಾಯಿ ಚೀಲದಿಂದ ಆ ರೊಟ್ಟಿ ತೆಗೆದರು. ನೆರೆಹೊರೆಯವರು ಮುಖ ಮುಖ ನೋಡಿಕೊಂಡರು.

"ಎಂಬತ್ನಾಕನೇ ಇಸವ್ಯಾಗ ನಾನು ನಲವತ್ತು ಹುಡುಗ್ಯಾರನ್ನ ಮಂಗಳೂರಿಗೆ ಕರಕೊಂಡು ಹೋಗಿದ್ದೆ. ಇದೇ ಮೇ ತಿಂಗಳು. ನಮ್ಮ ಕಡೆ ತಿಂಗಳಗಟ್ಟಲೆ ಕಡಕ್ ಇರೋ ರೊಟ್ಟಿ ಅಲ್ಲಿ ಎರಡನೇ ದಿನಕ್ಕ ಮೆತ್ತಗಾತು, ದಸ್ತಿ ಮಡಚಿದಂಗ ಮಡಚಬಹುದಿತ್ತು. ಐದನೇ ದಿನಕ್ಕ ಬೂಸ್ಟು ಹತ್ತಿ ಹಸರಗಾತು. ಸಮುದ್ರದ ಗಾಳಿಗೆ ಉಪ್ಪು ಸೈತ ನೀರು ಒಡೀತದ, ರೊಟ್ಟಿ ಯಾವ ಲೆಕ್ಕ? ನಿಮ್ಮ ರೊಟ್ಟಿ ಎಂಟು ದಿನ ಸಮುದ್ರದ ಕಿಟಕ್ಯಾಗ ಕುಂತು ಬಂದು, ನನ್ನ ಕೈಯಾಗ ಹಪ್ಪಳದಂಗ ಮುರೀತು."

ಹಾಗೆಂದು ರೊಟ್ಟಿಯನ್ನು ಮುರಿದರು. ಆ ಸದ್ದು ಮೆಟ್ಟಿಲ ಮೇಲಿದ್ದವರಿಗೂ ಕೇಳಿಸಿತು. ಬಸ್ಸಿನಲ್ಲಿ ಬರುವಾಗ ಬಿಸಿಲಿಗೆ ಮತ್ತೆ ಒಣಗಿರಬೇಕು ಎಂದು ದಿಗಂಬರ ತೊದಲಿದ. ಒಣಗಿದರೆ ರೊಟ್ಟಿ ಸೊಟ್ಟಗಾಗುತ್ತದೆ, ಹತ್ತಿದ ಬೂಸ್ಟು ಎಲ್ಲಿಗೆ ಹೋಯಿತು ಎಂದು ಅನುರಾಧಾಳೇ ಕೇಳಿದಳು. ರೊಟ್ಟಿ ಬಡಿದವಳು ಅವಳು, ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು?

ಕಸ್ತೂರಿಬಾಯಿ ಸನ್ನೆ ಮಾಡಿದರು. ಓಂಪ್ರಕಾಶ ಹೋಗಿ ಗಾಡಿಯಲ್ಲಿದ್ದ ಮನುಷ್ಯನನ್ನು ಕರೆತಂದ. ಅವನು ಹುಮನಾಬಾದಿನ ಲಾಡ್ಜಿನ ತುಳಜಾರಾಮ. ದಿಗಂಬರ ಅಡಗಿದ್ದದ್ದು ಒಣಹವೆಯ ಊರಲ್ಲೇ ಇರಬೇಕು, ಅರ್ಧ ದಿನದಲ್ಲಿ ಇಲ್ಲಿಗೆ ಬಂದು ಹೋಗುವಂತಿರಬೇಕು. ಹುಮನಾಬಾದನ್ನು ಬಿಟ್ಟರೆ ಇನ್ಯಾವುದು ಎಂದು ಅಕ್ಕೋರು ಲೆಕ್ಕ ಹಾಕಿ, ಇಂಥವನು ಎಂಟು ದಿನ ನಿಮ್ಮಲ್ಲಿ ಇಳಿದಿದ್ದನೇ ಎಂದು ಚೀಟಿಯಲ್ಲಿ ಕೇಳಿದ್ದರು. ತುಳಜಾರಾಮ ದಿಗಂಬರನನ್ನು ನೋಡಿ, ಏನ್ರಿ ಸಾವಕಾರ್ರೆ, ನಿನ್ನೆ ಮುಂಜಾನಿ ಖೋಲಿ ಬಿಟ್ರಲ್ಲ, ಆರಾಮ ಮುಟ್ಟಿದ್ರಾ ಎಂದು ಕೇಳಿದ. ಮೇಲಿನ ಖೋಲಿಯಲ್ಲಿದ್ದ ಬಂದರದ ಲಾರಿ ಡ್ರೈವರ್ ಮಕ್ಬೂಲನ ಹತ್ತಿರ ದಿನಾ ಕೂತು ಮಂಗಳೂರಿನ ಸುದ್ದಿ ಕೇಳುತ್ತಿದ್ದರೆಂದೂ, ಚಿಪ್ಪು ಗೋಡಂಬಿಯನ್ನೆಲ್ಲ ಅವನೇ ಕೊಟ್ಟದ್ದೆಂದೂ ಸೇರಿಸಿದ.

ದಿಗಂಬರ ಎದ್ದು ಒಳಗೆ ಹೋಗಿ, ಟ್ರಂಕಿನ ತಳದಿಂದ ಕರಡಿಗೆ ತಂದು ಅಣ್ಣನ ಮುಂದಿಟ್ಟ. ತನ್ನ ಮಗಳು ಶೀತಲಳ ಗಂಡುಮಗುವೇ ಮನೆಯ ಮೊದಲ ಕೂಸು, ಹಿರಿಯರ ಡಬ್ಬಿ ಅದಕ್ಕೇ ಸಲ್ಲಬೇಕಿತ್ತು ಅಂದ. ಕೊಟ್ಟ ಹೆಣ್ಣಿನ ಮಗು ಅಂತ ಅಣ್ಣ ತಳ್ಳಿಹಾಕಿದರಂತೆ.

"ಬಾಯಿ ಬಿಟ್ಟು ಕೇಳಬೇಕಿತ್ತು," ಅಂದರು ವೀರಭದ್ರಪ್ಪ.

"ಎರಡು ಸಲ ಕೇಳಿದ್ದೆ."

ವೀರಭದ್ರಪ್ಪ ಎದ್ದು ಪಂಡರಿಯ ಹತ್ತಿರ ಬಂದು, ತಪ್ಪಾಯಿತೆಂದು ಕೈ ಮುಗಿದರು. ಪಂಡರಿ ಗಾಬರಿಯಾಗಿ ಎದ್ದು ನಿಂತ. ಅವನು ಇಷ್ಟಕ್ಕೇ ಸಂತೋಷಪಟ್ಟು ಮನೆಗೆ ಹೋಗುವವನೇ ಆಗಿದ್ದ. ಧೂಳಮ್ಮ ಅವನ ತೋಳು ಹಿಡಿದಳು.

"ಕಳ್ಳ ಅಂದದ್ದು ಚೌಕದಾಗ್ರಿ, ಸಾವಕಾರ್ರೆ. ಅಲ್ಲ ಅನ್ನೋದೂ ಅಲ್ಲೇ ಆಗಬೇಕು."

ವೀರಭದ್ರಪ್ಪ ರುಮಾಲು ಸುತ್ತಿಕೊಂಡು, ಚಪ್ಪಲಿ ಮೆಟ್ಟಿ, ಮುಂದೆ ನಡೆದರು. ಹಿಂದೆ ಇಡೀ ಓಣಿಯೇ ಹೊರಟಿತು. ಕಡೆಯ ಬಸ್ಸುಗಳಿಗೆ ಜನ ಕಾಯುತ್ತಿದ್ದ ಹೊತ್ತು ಅದು, ಚೌಕ ಗಿಜಿಗುಡುತ್ತಿತ್ತು. ಅವರು ಕಟ್ಟೆ ಹತ್ತಿ, ಮಂಗಳವಾರ ಕೂಗಿದಷ್ಟೇ ದೊಡ್ಡ ದನಿಯಲ್ಲಿ ಕೂಗಿ ಹೇಳಿದರು: ಪಂಡರಿ ಕಳ್ಳನಲ್ಲ, ಕಳ್ಳ ನನ್ನ ಮನೆಯವನೇ, ನಾಲಿಗೆ ತಪ್ಪಿದ್ದು ನನ್ನದು. ಓಂಪ್ರಕಾಶನ ಕಣ್ಣು ತುಂಬಿ ಬಂದವು. ಅಕ್ಕೋರು ಗೆದ್ದರು, ನಾವು ಗೆದ್ದೆವು ಎಂದು ಪಕ್ಕದಲ್ಲಿದ್ದ ಅಪರಿಚಿತನಿಗೂ ಹೇಳಿದ.

ಬಸ್ಸಿಗೆ ನಿಂತಿದ್ದ ಹುಡಗಿ ಊರಿನ ರೈತರಿಬ್ಬರು ಮುಂದೆ ಬಂದು, ನಾಳೆಯೇ ನಮ್ಮ ಹೊಲಕ್ಕೆ ಕುರಿ ತರುಬಿರಿ ಎಂದು ಕರೆದರು. ಮುಡಬಿಯವನೊಬ್ಬ ಅದಾದ ಮೇಲೆ ತನ್ನ ಹೊಲಕ್ಕೆ ಎಂದ. ವೀರಭದ್ರಪ್ಪ ಕಟ್ಟೆಯಿಂದ ಇಳಿದು, ಕುರಿ ಈಗ ನನ್ನ ಹೊಲದಲ್ಲೇ ಇವೆಯಲ್ಲ, ಈ ತಿಂಗಳು ಅಲ್ಲೇ ಇರಲಿ ಎಂದು ಮೆಲ್ಲಗೆ ಕೇಳಿಕೊಂಡರು. ಪಂಡರಿ ಹೆಂಡತಿಯ ಮುಖ ನೋಡಿದ.

ಧೂಳಮ್ಮ ಸೆರಗು ಸರಿಮಾಡಿಕೊಂಡು ನಿಂತಳು.

"ಹುಡಗಿಯವರು ಮೊದಲು ಕರದಾರ್ರಿ, ಆಮ್ಯಾಲ ಮುಡಬಿಯವರು. ನಿಮ್ಮ ಪಾಳಿ ಬಂದಾಗ ಹೇಳಿ ಕಳಿಸ್ತೇವು," ಅಂದಳು.